ಇಂದಿನ ಧಮ್ಮ ಚಿಂತನೆ: ಹಾಸಿಗೆಯ ಧೂಳುಹುಳು ಮತ್ತು ಮೊದಲ ಶೀಲ



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಮಗನಿಗೆ ಉಬ್ಬಸ. ಹಾಸಿಗೆಯಲ್ಲಿ ಧೂಳುಹುಳುಗಳಿರುತ್ತವೆ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ ಎಂದಿದ್ದಾರೆ ಡಾಕ್ಟರು. "ಪ್ರಾಣಿಹತ್ಯೆ ಮಾಡುವುದಿಲ್ಲ ಅಂತ ಶೀಲ ತಗೊಂಡು, ಬಕೆಟ್ಟಿನಲ್ಲಿ ಜೀವ ಬೇಯಿಸಲಾ ಸರ್?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಶೀಲವನ್ನು ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದು ತಿಗಣೆಯಲ್ಲ, ಕಚ್ಚುವುದೂ ಇಲ್ಲ. ಜೇಡನ ಸಂಬಂಧಿ, ಎಂಟು ಕಾಲು, ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ನೀರು ಕುಡಿಯದು, ಗಾಳಿಯ ತೇವವನ್ನೇ ಹೀರುತ್ತದೆ. ತಿನ್ನುವುದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು. ಉಬ್ಬಸ ಕೆರಳಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಹೊಸದಾಗಿ ಚೀವರ ತೊಡುವವರಿಗೆ ಧ್ಯಾನಕ್ಕೆಂದು ಮೊದಲು ಹೇಳಿಕೊಡುವ ಐದು ಯಾವುವು? ಕೂದಲು, ರೋಮ, ಉಗುರು, ಹಲ್ಲು, ಚರ್ಮ. ಆ ಐದನೆಯದು ದಿನವೂ ನಮ್ಮ ಹಾಸಿಗೆಯಲ್ಲಿ ಉದುರುತ್ತಿದೆ, ಯಾರದೋ ಅನ್ನವಾಗುತ್ತಿದೆ. (ಮಡಿವಂತರ ಹಾಸಿಗೆಯಲ್ಲೂ ಇದೇ ಹುಳು, ಇದೇ ಊಟ!)

ಇನ್ನು ಶೀಲದ ಮಾತು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ಕುರುಡು ನಿಯಮವಾಗಿ ಅಲ್ಲ, ಯೋಚಿಸಿ ನಡೆಯಬೇಕಾದ ತತ್ತ್ವವಾಗಿ ವಿವರಿಸಿದ್ದಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಹಂಬಲ ಬೇರೆ. ಹುಳು ಸಾಯುತ್ತದೆಂದು ಆ ತಾಯಿಗೆ ಗೊತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ಬಕೆಟ್ಟಿಗೆ ಕೈ ಹಾಕುವುದು ಮಗುವಿನ ಉಸಿರಿಗಾಗಿ. ಒಗೆಯಿರಿ ಎಂದೇ ಹೇಳಿದೆ. ಕೈಗೆ ತಾಳುವ ಬಿಸಿ ಸಾಲದು, ಸುಮಾರು 60 ಡಿಗ್ರಿ ಬೇಕು. ಕೋಣೆಗೆ ಗಾಳಿ ಬೆಳಕು ಬಿಟ್ಟು ತೇವ ಇಳಿಸಿದರೆ ಹುಳು ಹೆಚ್ಚುವುದೇ ಕಡಿಮೆಯಾಗುತ್ತದೆ, ಕೊಲ್ಲುವ ಅಗತ್ಯವೂ ಅಷ್ಟು ತಗ್ಗುತ್ತದೆ.

ವಿನಯಪಿಟಕದಲ್ಲಿ ಹಾಸಿಗೆಯ ಮಾತು ಧಾರಾಳವಾಗಿದೆ. ಶಿಷ್ಯನು ಉಪಾಧ್ಯಾಯರ ಹಾಸಿಗೆಯನ್ನು ಹೊರತಂದು, ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಇದ್ದಲ್ಲೇ ಇಡಬೇಕು. ನನಗೆ ಬಹಳ ಹಿಡಿಸಿದ್ದು ಮುಂದಿನದು: ಶಿಷ್ಯ ಕಾಯಿಲೆ ಬಿದ್ದರೆ ಇದೇ ಕೆಲಸವನ್ನು ಉಪಾಧ್ಯಾಯರು ಶಿಷ್ಯನಿಗೆ ಮಾಡಬೇಕು. ಕಸ ತೆಗೆಯುವ ಕೆಲಸವನ್ನು ಹುಟ್ಟಿಗೇ ಕಟ್ಟಿದ ನಾಡಿನಲ್ಲಿ, ಗುರು ಶಿಷ್ಯನ ಹಾಸಿಗೆ ಕೊಡವುತ್ತಿದ್ದ ಸಂಘ ಅದು. ನಮ್ಮ ಮನೆಗಳಲ್ಲಿ ಈ ಕೆಲಸ ಈಗಲೂ ಹೆಂಗಸರದೇ. ಈ ಭಾನುವಾರ ವಂದನೆಗೆ ಬರುವ ಮುನ್ನ ಗಂಡಸರು ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಬನ್ನಿ. ಉಬ್ಬಸ ಇರುವವರು ಮಾತ್ರ ಕೊಡವಬೇಡಿ, ದೂರ ನಿಲ್ಲಿ.

ಭವತು ಸಬ್ಬ ಮಂಗಲಂ 🙏