ಅಂಚಿನಲ್ಲಿ ಹುಟ್ಟುವ ಅರಿವು

ಬೆಳಕನ್ನು ಸೆರೆಹಿಡಿದು ದೂರಕ್ಕೆ ಸಾಗಿಸುವ ವಿದ್ಯೆ ನಮಗೆ ಚೆನ್ನಾಗಿ ಕೈವಶವಾಗಿದೆ. ನಮ್ಮ ಮಾತು, ಚಿತ್ರ, ಲೇವಾದೇವಿಗಳೆಲ್ಲ ಇಂದು ಕಡಲಡಿಯ ಗಾಜಿನೆಳೆಗಳಲ್ಲಿ ಹರಿಯುತ್ತಿವೆ. ಆಪ್ಟಿಕಲ್ ಫೈಬರ್ ಎಂಬ ಈ ಎಳೆಯ ಹಿರಿಮೆಯಿರುವುದು ಅದರ ನಿರ್ಲಿಪ್ತತೆಯಲ್ಲಿ. ತಿರುಳಿನೊಳಗೆ ಹೊಕ್ಕ ಬೆಳಕು ಕವಚದ ಗಡಿಯವರೆಗೆ ಬಂದು ಮತ್ತೆ ಮತ್ತೆ ಒಳಕ್ಕೇ ಮರಳುತ್ತದೆ. ಹೊರಗಿರುವುದು ಉಪ್ಪುನೀರೋ ಮಣ್ಣೋ, ಅದಕ್ಕೆ ತಿಳಿಯದು, ತಿಳಿಯಲೂಬಾರದು. ಆದರೆ ಅದೇ ಎಳೆಗೆ, ಹೊತ್ತು ಸಾಗಿಸಿದ್ದು ಸಾಕು, ಇನ್ನು ಹೊರಗಿನದನ್ನು ಅರಿತು ಹೇಳು ಎಂದು ನಾವು ಕೇಳಿಕೊಂಡರೆ?

ಆಗ ಮಾಡಬೇಕಾದ ಮೊದಲ ಕೆಲಸ ಕವಚವನ್ನು ಕಳಚುವುದು. 1993ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾರ್ಗೆನ್‌ಸನ್ ಮತ್ತು ಯೀ ಎಂಬಿಬ್ಬರು ಮಾಡಿದ್ದು ಇದನ್ನೇ. ಎಳೆಯ ಒಂದು ತುಂಡಿನಲ್ಲಿ ಹೊದಿಕೆ ತೆಗೆದು, ಬತ್ತಲಾದ ತಿರುಳಿನ ಮೇಲೆ ಲೋಹದ ತೆಳುಪದರವೊಂದನ್ನು ಕೂರಿಸಿದರು. ಒಳಗೇ ಮರಳುವ ಬೆಳಕು ಪೂರ್ತಿಯಾಗಿ ಒಳಗೇ ಇರುವುದಿಲ್ಲ. ಗಡಿಯಾಚೆಗೆ ಒಂದಿಷ್ಟು ಚಾಚಿ, ಕ್ಷೀಣಿಸಿ, ಹಿಂದಿರುಗುತ್ತದೆ. ಸುಮಾರು 50 ನ್ಯಾನೋಮೀಟರ್ ದಪ್ಪದ ಲೋಹವು ಆ ಚಾಚುವಿಕೆಗೆ ಅಡ್ಡವಾಗದೆ ಅದರೊಡನೆ ಸ್ಪಂದಿಸುತ್ತದೆ. ನಮ್ಮ ಬಲವೆಲ್ಲ ನಮ್ಮ ಗಟ್ಟಿ ನಡುವಿನಲ್ಲಿದೆ ಎಂದುಕೊಳ್ಳುತ್ತೇವಲ್ಲ, ಲೋಕ ನಮಗೆ ತಿಳಿಯುವುದೂ ಅಲ್ಲೇ ಏನು? ನಮ್ಮದೆಂಬುದು ಮುಗಿದು ನಮ್ಮದಲ್ಲದ್ದು ಮೊದಲಾಗುವ ತೆಳುಗಡಿಯಲ್ಲಿ ತಾನೇ ಅರಿವು ಮೊಳೆಯುವುದು?

ಆ ಅರಿವು ಬರುವ ಬಗೆಯೂ ಚಿಂತನೆಗೆ ತಕ್ಕದ್ದು. ಎಳೆಯೊಳಕ್ಕೆ ಎಲ್ಲ ಬಣ್ಣಗಳ ಬಿಳಿಬೆಳಕನ್ನು ಬಿಡುತ್ತೇವೆ. ಲೋಹದಲ್ಲಿ ಸ್ವಚ್ಛಂದವಾಗಿ ಅಲೆಯುವ ಎಲೆಕ್ಟ್ರಾನುಗಳ ಸಮೂಹವು ತನ್ನ ಲಯಕ್ಕೆ ಹೊಂದುವ ಬಣ್ಣವನ್ನು ಹೀರಿಕೊಂಡು, ಉಳಿದುದನ್ನು ಮುಂದಕ್ಕೆ ಬಿಡುತ್ತದೆ. ಇದೇ ಮೇಲ್ಮೈ ಪ್ಲಾಸ್ಮಾನ್ ಅನುರಣನೆ. ಆಚೆ ತುದಿಯಲ್ಲಿ ನಮಗೆ ಸಿಗುವುದು ನಡುವೆ ಒಂದೆಡೆ ಮಸುಕಾದ ವರ್ಣಪಟಲ. ಪದರದ ಹೊರಮೈಗೆ ಅಣುಗಳು ಬಂದು ಅಂಟಿದಂತೆ ಆ ಮಸುಕು ಕೆಂಪಿನ ಕಡೆಗೆ ತುಸು ಸರಿಯುತ್ತದೆ. ವಿಜ್ಞಾನಿ ಓದುವುದು ಆ ಸರಿತವನ್ನು. ಕೈಸೇರಿದ ಬೆಳಕಿಗಿಂತ ದಾರಿಯಲ್ಲಿ ಕಳೆದುಹೋದ ಬೆಳಕೇ ಇಲ್ಲಿ ಹೆಚ್ಚು ಹೇಳುತ್ತದೆ. ಏನನ್ನೂ ಕಳೆದುಕೊಳ್ಳದೆ ಏನನ್ನಾದರೂ ನಿಜವಾಗಿ ಅರಿತವರುಂಟೆ?

ಈ ಕೆಲಸಕ್ಕೆ ಒದಗುವ ಲೋಹಗಳು ಚಿನ್ನ ಮತ್ತು ಬೆಳ್ಳಿ. ತೂಕವಿದ್ದಷ್ಟೂ ಬೆಲೆ ಎಂದು ನಾವು ನಂಬಿದ ಚಿನ್ನವು ಇಲ್ಲಿ ಕಿರಿದಾದಷ್ಟೂ ಹಿರಿದಾಗುತ್ತದೆ. 1857ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಅತಿಸೂಕ್ಷ್ಮ ಕಣಗಳಾಗಿ ದ್ರವದಲ್ಲಿ ಚದುರಿಸಿದಾಗ ಹಳದಿ ಮಾಯವಾಗಿ ಮಾಣಿಕ್ಯದ ಕೆಂಪು ಮೂಡಿತು. ದೊಡ್ಡದಾಗಿದ್ದಾಗ ಅಡಗಿದ್ದ ಗುಣ ಸಣ್ಣದಾದಾಗ ಹೊರಬಂತು. ಇನ್ನು ಬೆಳ್ಳಿಯ ಸ್ಪಂದನ ಚಿನ್ನಕ್ಕಿಂತಲೂ ಹರಿತ. ಆದರೆ ಗಾಳಿಯ ಗಂಧಕ ಸೋಕಿದರೆ ಕಪ್ಪಾಗುತ್ತದೆ. ಚಿನ್ನ ಅಷ್ಟು ಚುರುಕಲ್ಲ, ಆದರೆ ಬಾಳಿಕೆಯದು. ಹಲವು ದಿನ ನೆಚ್ಚಿಕೊಳ್ಳಬೇಕಾದಲ್ಲಿ ಚಿನ್ನವೇ ಹೆಚ್ಚಾಗಿ ಆಯ್ಕೆಯಾಗುತ್ತದೆ. ತಕ್ಷಣ ಮಿಡಿಯುವ ಮನಸ್ಸು, ಬಹುಕಾಲ ಮಿಡಿಯುತ್ತಲೇ ಇರುವ ಮನಸ್ಸು: ಇವೆರಡರಲ್ಲಿ ನಾವು ಯಾವುದನ್ನು ಬೇಡಿಕೊಳ್ಳಬೇಕು?

ಹಾಗಾದರೆ ಸೂಕ್ಷ್ಮವಾಗಿದ್ದರೆ ಸಾಕೆ? ಬರಿಯ ಚಿನ್ನದ ಪದರಕ್ಕೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ, ರೋಗದ ಗುರುತೂ ಒಂದೇ. ತನ್ನ ಮೈಬಳಿ ಬೆಳಕು ಬಾಗುವ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, ಬದಲಾಯಿತೇ, ಅದು ಅಲುಗುತ್ತದೆ. ಬದಲಿಸಿದವರು ಯಾರೆಂದು ಹೇಳದು. ಅದಕ್ಕೆಂದೇ ಚಿನ್ನದ ಮೇಲೆ ಪ್ರತಿಕಾಯಗಳನ್ನೋ ಡಿಎನ್‌ಎ ಎಳೆಗಳನ್ನೋ ನೆಲೆಗೊಳಿಸುತ್ತಾರೆ. ತನಗೆ ಬೇಕಾದುದನ್ನು ಹಿಡಿದು ಬೇಡದ್ದನ್ನು ಬಿಡುವ ವಿವೇಕ ಆಗ ಕೂಡಿಕೊಳ್ಳುತ್ತದೆ. ಅಷ್ಟಾದರೂ ಉಷ್ಣತೆಯ ಏರಿಳಿತಕ್ಕೆ ಎಳೆ ಮೋಸಹೋಗಬಹುದು. ಹಾಗಾಗಿ ಏನನ್ನೂ ಹಿಡಿಯದ ಮತ್ತೊಂದು ಎಳೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಾರೆ. ತನ್ನ ಮೈಯ ಜ್ವರವನ್ನು ಲೋಕದ ಬಿಸಿಯೆಂದು ಸಾರದಿರುವ ಈ ಎಚ್ಚರ ನಮ್ಮ ತೀರ್ಪುಗಳಲ್ಲಿ ಎಷ್ಟಿದೆ?

ಇನ್ನೊಂದು ಮಿತಿಯೂ ಉಂಟು. ಹಿಡಿಯುವ ಜಾಗಗಳೆಲ್ಲ ತುಂಬಿಹೋದ ಸಂವೇದಕ ಹೊಸದೇನನ್ನೂ ಅಳೆಯಲಾರದು. ತೆಳು ಆಮ್ಲದಂಥ ದ್ರಾವಣದಲ್ಲಿ ತೊಳೆದು, ಹಿಡಿದದ್ದನ್ನು ಬಿಡಿಸಿದ ಮೇಲೆಯೇ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ತಿಳಿದದ್ದರಿಂದಲೇ ತುಂಬಿ ತುಳುಕುವವರಿಗೆ ಹೊಸ ತಿಳಿವು ಏಕೆ ದಕ್ಕುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುವಂತಿದೆ.

ಕೊನೆಗೆ ಉಳಿಯುವುದು ಪ್ರಮಾಣದ ಪ್ರಶ್ನೆ. ಇಂಥ ಸಂವೇದಕದಲ್ಲಿ ಬತ್ತಲಾಗುವುದು ಚಿಕ್ಕದೊಂದು ತುಂಡು ಮಾತ್ರ. ಉಳಿದ ಉದ್ದವೆಲ್ಲ ಕವಚದೊಳಗೇ ಇರುತ್ತದೆ. ಎಲ್ಲವನ್ನೂ ಕಳಚಿದರೆ ಬೆಳಕು ದಾರಿಯಲ್ಲೇ ಚೆದುರಿ, ಅರಿತ ಸುದ್ದಿ ಯಾರನ್ನೂ ತಲುಪದು. ಏನನ್ನೂ ಕಳಚದಿದ್ದರೆ ತಲುಪಿಸಲು ಸುದ್ದಿಯೇ ಇರದು. ಜಗತ್ತಿನ ಪ್ರತಿಯೊಂದು ಸದ್ದಿಗೂ ಮೈಯೆಲ್ಲ ತೆರೆದು ನಿಂತು ದಣಿದವರನ್ನು ನಾವು ಕಾಣುತ್ತಿದ್ದೇವೆ. ಯಾವುದೂ ಸೋಕದಂತೆ ಕವಚ ತೊಟ್ಟು ಸುಖವಾಗಿರುವವರನ್ನೂ ಕಾಣುತ್ತಿದ್ದೇವೆ. ಇಬ್ಬರಿಂದಲೂ ನೆರೆಯವನ ನೋವಿಗೆ ಒದಗುವುದು ಕಡಿಮೆ. ಎಲ್ಲಿ ತೆರೆದುಕೊಳ್ಳಬೇಕು, ಎಷ್ಟು ತೆರೆದುಕೊಳ್ಳಬೇಕು ಎಂದು ನಿರ್ಧರಿಸಿ, ಅಲ್ಲಿ ಪ್ರಾಮಾಣಿಕವಾಗಿ ತೆರೆದುಕೊಂಡು, ತಟ್ಟಿದ್ದನ್ನು ಕೆಡಿಸದೆ ಕೊನೆಯವರೆಗೆ ಒಯ್ಯುವುದು ಕಷ್ಟದ ಸಾಧನೆ. ಗಾಜಿಗೆ ಅದನ್ನು ಕಲಿಸಿದ ನಾವು ನಮಗೇ ಕಲಿಸಿಕೊಳ್ಳುವುದು ಬಾಕಿಯಿದೆ.