ದಡ ದಾಟಿದ ಮೇಲಿನ ಮೌನ

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೈತಿಕತೆಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲೊಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದಾಗಿದೆ, ರಿಪೇರಿ ಮಾಡಿಸಬೇಕು ಎಂಬುದು ಅವನಿಗೆ ಗೊತ್ತು. ಆದರೂ ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬಂದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸಿಬಿಡುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ, ಅವನ ಕೈಗೆ ವಿಮೆಯ ಹಣ ಬರುತ್ತದೆ. ಅವನು ತಪ್ಪಿತಸ್ಥನೆನ್ನಲು ಯಾರೂ ಹಿಂಜರಿಯುವುದಿಲ್ಲ. ಕ್ಲಿಫರ್ಡ್ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಹಡಗು ಸುಖವಾಗಿ ದಡ ಸೇರಿದ್ದರೆ? ಆಗಲೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗದು ಎಂಬುದೇ ಕ್ಲಿಫರ್ಡನ ತೀರ್ಪು.

ಈ ತೀರ್ಪು ಸರಿ ಎಂದೇ ನನ್ನ ನಂಬಿಕೆ. ಆದರೆ ಅದನ್ನು ಸರಿಯಾದ ರೇಡಿಯೊ ಇಲ್ಲದೆ ಜನರನ್ನು ಹೊತ್ತು ಕಡಲು ದಾಟುವ ವಿಮಾನಕ್ಕೆ ಅನ್ವಯಿಸುವಾಗ ಒಂದು ತೊಡಕು ಎದುರಾಗುತ್ತದೆ. ಕ್ಲಿಫರ್ಡನ ಹಡಗು ಶಿಥಿಲವಾಗಿತ್ತು. ಸಮುದ್ರ ದಾಟಲು ಬೇಕಾದ ದೂರಗಾಮಿ ರೇಡಿಯೊ ಇಲ್ಲದೆ ಹೊರಟ ವಿಮಾನದಲ್ಲಿ ರೆಕ್ಕೆ, ಎಂಜಿನ್, ಇಂಧನ ಎಲ್ಲವೂ ಸರಿಯಾಗಿಯೇ ಇರಬಹುದು. ಗಾಳಿಯಲ್ಲಿ ತೇಲುವುದಕ್ಕೆ ರೇಡಿಯೊ ಬೇಕಿಲ್ಲ. ವಿಮಾನ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ, ಜನ ಬ್ಯಾಗು ಹಿಡಿದು ಮನೆಗೆ ಹೋಗುತ್ತಾರೆ. ಹಾಗಾದರೆ ಅವರಿಂದ ಕಿತ್ತುಕೊಂಡದ್ದಾದರೂ ಏನು?

ನೆಲದ ಮೇಲೆ ಹಾರುವಾಗ ಪೈಲಟ್ ಮಾತಾಡುವುದು ವಿಎಚ್‌ಎಫ್ ರೇಡಿಯೊದಲ್ಲಿ. ಅದರ ಅಲೆ ನೇರ ದಾರಿಯಲ್ಲಿ ಸಾಗುತ್ತದೆ, ಭೂಮಿಯ ಬಾಗನ್ನು ದಾಟಲಾರದು. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿದ್ದರೂ ಹೆಚ್ಚುಕಡಿಮೆ 370 ಕಿಲೋಮೀಟರಿನ ಆಚೆಗೆ ದನಿ ಮುಟ್ಟುವುದಿಲ್ಲ. ಅಲ್ಲಿಂದ ಮುಂದೆ ಎಚ್‌ಎಫ್ ರೇಡಿಯೊ ಬೇಕು, ಇಲ್ಲವೇ ಉಪಗ್ರಹದ ಸಂಪರ್ಕ ಬೇಕು. ಎಚ್‌ಎಫ್ ಅಲೆ ಮೇಲಿನ ಅಯಾನುಗೋಳಕ್ಕೆ ತಾಗಿ ಮರಳಿ ನೆಲಕ್ಕೆ ಬೀಳುತ್ತದೆ, ಹಾಗಾಗಿ ಸಾವಿರಾರು ಕಿಲೋಮೀಟರ್ ಹೋಗಬಲ್ಲದು. ಅದರ ಗದ್ದಲ ಮಾತ್ರ ವಿಪರೀತ, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಒಂದೇ ಸಮನೆ ಚಟಪಟ. ಗಂಟೆಗಟ್ಟಲೆ ಅದನ್ನು ಕಿವಿಗೆ ಹಾಕಿಕೊಂಡು ಕೂರಲಾಗದು. ಅದಕ್ಕೇ ದಡ ಬಿಡುವ ಹೊತ್ತಿಗೆ ಪೈಲಟ್ ನೆಲದ ಕೇಂದ್ರವನ್ನು ಕರೆದು, ತನ್ನ ವಿಮಾನದ ನಾಲ್ಕು ಅಕ್ಷರದ ಸೆಲ್ಕಾಲ್ ಸಂಕೇತ ಹೇಳಿ, ಒಮ್ಮೆ ಪರೀಕ್ಷಿಸಿ ನೋಡಿ ಎನ್ನುತ್ತಾನೆ. ಅಲ್ಲಿಂದ ಆ ಸಂಕೇತದ ಸ್ವರಗಳು ಹೊರಡುತ್ತವೆ. ಕಾಕ್‌ಪಿಟ್ಟಿನಲ್ಲಿ ಗಂಟೆಯ ಸದ್ದಾಗುತ್ತದೆ, ಒಂದು ದೀಪ ಹೊತ್ತಿಕೊಳ್ಳುತ್ತದೆ. ಸರಿ ಎಂದು ಪೈಲಟ್ ರೇಡಿಯೊದ ದನಿ ತಗ್ಗಿಸುತ್ತಾನೆ. ಬೇಕಾದಾಗ ಕರೆಯುತ್ತೇವೆ, ಕರೆದರೆ ಓಗೊಡುತ್ತೇವೆ ಎಂಬ ಒಪ್ಪಂದ ಆ ಒಂದು ಗಂಟೆಯ ಸದ್ದಿನಲ್ಲಿ ಮುಗಿದಿರುತ್ತದೆ.

ಈ ಒಪ್ಪಂದ ಕಾಗದದ ಮೇಲೂ ಇದೆ. ಫ್ಲೈಟ್ ಪ್ಲಾನಿನ ಹತ್ತನೆಯ ಕಲಮಿನಲ್ಲಿ ವಿಮಾನದಲ್ಲಿರುವ ಸಲಕರಣೆಗಳನ್ನು ಒಂದೊಂದು ಅಕ್ಷರದಲ್ಲಿ ಬರೆಯಬೇಕು. ‘ಎಚ್’ ಎಂದಿದ್ದರೆ ಎಚ್‌ಎಫ್ ಇದೆ ಎಂದರ್ಥ. ರಾಡಾರಿಗೆ ಸಿಗದ ಕಡಲಿನ ಮೇಲೆ ಯಾವ ವಿಮಾನವನ್ನು ಯಾವ ಎತ್ತರಕ್ಕೆ ಬಿಡಬೇಕು, ಎರಡರ ನಡುವೆ ಎಷ್ಟು ಅಂತರ ಇಡಬೇಕು ಎಂದು ಕಂಟ್ರೋಲರ್ ಲೆಕ್ಕ ಹಾಕುವುದು ಇಂಥ ಅಕ್ಷರಗಳನ್ನು ನಂಬಿಕೊಂಡು. ಅದು ಸುಳ್ಳಾದರೆ ಲೆಕ್ಕ ಕೆಡುವುದು ಆ ಒಂದು ವಿಮಾನದ್ದಷ್ಟೇ ಅಲ್ಲ, ಅದರ ಮೇಲೆ ಕೆಳಗೆ ಹಾರುತ್ತಿರುವ ಎಲ್ಲರದ್ದೂ.

ಹಾಗೆಂದು ನಿಯಮ ಹಟಮಾರಿಯೇನಲ್ಲ. ದಡದಿಂದ 50 ನಾಟಿಕಲ್ ಮೈಲಿಗಿಂತ ಆಚೆ ಹೋಗುವ ಅಮೆರಿಕದ ಏರ್‌ಲೈನ್ ವಿಮಾನದಲ್ಲಿ ಒಂದನ್ನೊಂದು ಅವಲಂಬಿಸದ ಎರಡು ದೂರಗಾಮಿ ಸಂಪರ್ಕ ವ್ಯವಸ್ಥೆ ಇರಬೇಕು ಎನ್ನುವ ಕಾನೂನೇ, ಕೆಲವು ಪ್ರದೇಶಗಳಲ್ಲಿ ಅನುಮತಿ ಪಡೆದು ಒಂದರಲ್ಲೇ ಹೋಗಲೂ ಬಿಡುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಸಲಕರಣೆ ಕಡಿಮೆಯಿರುವವರಿಗೆಂದೇ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಬಳಸಿಕೊಂಡು ಹೋಗುವ ಬ್ಲೂ ಸ್ಪ್ರೂಸ್ ಮಾರ್ಗಗಳಿವೆ. ಅಂದರೆ ಹಾರಬೇಕೋ ಬೇಡವೋ ಎಂಬ ಧರ್ಮಸಂಕಟ ಯಾರಿಗೂ ಇಲ್ಲಿಲ್ಲ. ಸುತ್ತಿ ಹೋಗಬೇಕು, ಬೇರೆ ವಿಮಾನ ಹಾಕಬೇಕು, ಅಥವಾ ರಿಪೇರಿ ಆಗುವ ತನಕ ಕಾಯಬೇಕು. ಇದ್ಯಾವುದನ್ನೂ ಮಾಡದೆ ಹೊರಟರೆ ಉಳಿತಾಯವಾಗುವುದು ಇಂಧನ ಮತ್ತು ಹೊತ್ತು. ಕಂಪನಿಗೆ ಆ ಉಳಿತಾಯ, ಅಪಾಯ ಮಾತ್ರ ಅದರ ಸುಳಿವೇ ಇಲ್ಲದೆ ಸೀಟಿನಲ್ಲಿ ಕೂತವರಿಗೆ.

ತಮ್ಮ ಜೀವವನ್ನೇ ಪಣಕ್ಕಿಟ್ಟವರ ಮಾತು ಬೇರೆಯಲ್ಲವೇ ಎಂದು ಕೇಳಬಹುದು. 1937ರ ಜುಲೈ 2ರಂದು ಅಮೆರಿಕದ ವಿಮಾನ ಚಾಲಕಿ ಅಮೀಲಿಯಾ ಇಯರ್‌ಹಾರ್ಟ್ ನ್ಯೂಗಿನಿಯ ಲಾಯೆಯಿಂದ ಹೌಲೆಂಡ್ ಎಂಬ ಪುಟ್ಟ ದ್ವೀಪಕ್ಕೆ ಹೊರಟರು. ಉದ್ದನೆಯ ಇಳಿಬಿಡುವ ಆಂಟೆನಾವನ್ನು ಮೊದಲೇ ತೆಗೆಸಿದ್ದರು. ಮೋರ್ಸ್ ಸಂಕೇತದಲ್ಲಿ ಅವರಿಗಾಗಲಿ ಜೊತೆಗಿದ್ದ ಫ್ರೆಡ್ ನೂನನ್‌ಗಾಗಲಿ ಪಳಗಿದ ಕೈಯಿರಲಿಲ್ಲ. ದ್ವೀಪದ ಬಳಿ ಕಾಯುತ್ತಿದ್ದ ಇಟಾಸ್ಕಾ ಹಡಗಿಗೆ ಅವರ ದನಿ ಜೋರಾಗಿಯೇ ಕೇಳಿಸಿತು. ಹಡಗಿನವರ ಮಾತು ಅವರಿಗೆ ಕೇಳಿಸಲಿಲ್ಲ. ಕೊನೆಗೆ ಹಡಗಿನ ಸಂಕೇತವೊಂದು ಸಿಕ್ಕಿತಾದರೂ ಅದರಿಂದ ದಿಕ್ಕು ಹಿಡಿಯಲಾಗಲಿಲ್ಲ, ವಿಮಾನ ಕಾಣೆಯಾಯಿತು. ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೂ ಪಣಕ್ಕಿದ್ದದ್ದು ಅವರೊಬ್ಬರ ಜೀವವಲ್ಲ. ನೂನನ್ ಇದ್ದರು, ಆಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ ಕಡಲನ್ನು ಜಾಲಾಡಿದ ನೌಕಾಪಡೆಯವರಿದ್ದರು. ಆದರೆ ವಿಮಾನದಲ್ಲಿದ್ದ ಇಬ್ಬರಿಗೂ ತಾವೇನು ಮಾಡುತ್ತಿದ್ದೇವೆಂದು ಗೊತ್ತಿತ್ತು. ಟಿಕೆಟ್ ಕೊಂಡವರಿಗೆ ಅಷ್ಟೂ ಗೊತ್ತಿರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಸಲಕರಣೆ ಇದ್ದೂ ಏನು ಉಪಯೋಗವಾಯಿತು? 2009ರ ಮೇ 31ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447ರಲ್ಲಿ ಎಚ್‌ಎಫ್ ಇತ್ತು, ಸೆಲ್ಕಾಲ್ ಪರೀಕ್ಷೆಯೂ ಆಗಿತ್ತು. ಆದರೂ 228 ಜನ ಸತ್ತರು. ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕಳೆದುಕೊಂಡು ಬಿತ್ತು. ಯಾವ ರೇಡಿಯೊವೂ ಅದನ್ನು ತಡೆಯುತ್ತಿರಲಿಲ್ಲ. ನಿಜ. ಆದರೆ ಆಮೇಲೆ ನಡೆದದ್ದನ್ನು ನೋಡಬೇಕು. ಬ್ರೆಜಿಲಿನ ಕಂಟ್ರೋಲರ್ ದಾರಿಯ ಮುಂದಿನ ಗುರುತಿನ ಜಾಗವನ್ನು ಯಾವಾಗ ತಲುಪುತ್ತೀರಿ ಎಂದು ಮೂರು ಸಲ ಕೇಳಿದ್ದ, ಉತ್ತರ ಬಂದಿರಲಿಲ್ಲ. ವಿಮಾನ ಸಮುದ್ರಕ್ಕೆ ಬಿದ್ದದ್ದು ಜಾಗತಿಕ ಕಾಲಮಾನದಲ್ಲಿ ಜೂನ್ 1ರ ನಸುಕಿನ 2 ಗಂಟೆ 14 ನಿಮಿಷಕ್ಕೆ. ಮ್ಯಾಡ್ರಿಡ್ ಮತ್ತು ಬ್ರೆಸ್ಟ್ ಕೇಂದ್ರಗಳು ತುರ್ತು ಸ್ಥಿತಿ ಘೋಷಿಸುವಾಗ ಎಂಟು ಗಂಟೆ ದಾಟಿತ್ತು. ಆ ಕಡಲಿನ ಮೇಲೆ ಎಚ್‌ಎಫ್ ಸರಿಯಾಗಿ ಸಿಗದಿರುವುದು ಮಾಮೂಲು. ವಿಮಾನ ಸುಮ್ಮನಿದೆ ಎಂದರೆ ರೇಡಿಯೊ ಹಿಡಿಯುತ್ತಿಲ್ಲ ಎಂದುಕೊಳ್ಳುವುದೂ ಮಾಮೂಲಾಗಿತ್ತು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ರೇಡಿಯೊ ಮಾತಾಡುವುದಕ್ಕಷ್ಟೇ ಇರುವುದಲ್ಲ. ಮಾತು ನಿಂತಾಗ ಯಾರಾದರೂ ಗಾಬರಿಯಾಗಬೇಕಲ್ಲ, ಅದಕ್ಕೂ ರೇಡಿಯೊ ಬೇಕು. ಉತ್ತರ ಬಂದೇ ಬರುತ್ತದೆ ಎಂದು ಗೊತ್ತಿರುವ ಕಡೆ ಉತ್ತರ ಬಾರದಿದ್ದರೆ ಬೇಗನೆ ಜನ ಎದ್ದು ನಿಲ್ಲುತ್ತಾರೆ. ಸರಿಯಾದ ರೇಡಿಯೊ ಇಲ್ಲದೆ ಕಡಲ ಮೇಲೆ ಹೋದ ವಿಮಾನ ಸುರಕ್ಷಿತವಾಗಿದ್ದಾಗಲೂ ಮೌನ, ಮುಳುಗುತ್ತಿದ್ದಾಗಲೂ ಮೌನ. ಕೇಳುವವನಿಗೆ ಎರಡಕ್ಕೂ ವ್ಯತ್ಯಾಸ ತಿಳಿಯದು. ಪ್ರಯಾಣಿಕರಿಂದ ಕಿತ್ತುಕೊಂಡದ್ದು ಇದನ್ನೇ: ತಮಗೇನಾದರೂ ಆದರೆ ದೂರದಲ್ಲಿ ಒಬ್ಬನಿಗೆ ಅನುಮಾನ ಬರುತ್ತದೆಂಬ ಭರವಸೆಯನ್ನು. ವಿಮಾನ ಸುಖವಾಗಿ ಇಳಿದರೂ ಆ ಹೊತ್ತಿನಲ್ಲಿ ಭರವಸೆ ಇರಲಿಲ್ಲ ಎಂಬುದು ಬದಲಾಗುವುದಿಲ್ಲ. 2014ರಲ್ಲಿ ಮಲೇಷ್ಯಾದ ಎಂಎಚ್ 370 ಕಾಣೆಯಾದ ಮೇಲೆ, ಕಡಲ ಮೇಲಿನ ದೊಡ್ಡ ವಿಮಾನಗಳು ಎಲ್ಲಿವೆಯೆಂದು ಕಂಪನಿಗಳು 15 ನಿಮಿಷಕ್ಕೊಮ್ಮೆಯಾದರೂ ತಿಳಿದುಕೊಳ್ಳಬೇಕೆಂಬ ಅಂತರರಾಷ್ಟ್ರೀಯ ಮಾನದಂಡ 2018ರಲ್ಲಿ ಜಾರಿಗೆ ಬಂತು. ಅದರ ಹಿಂದಿರುವುದೂ ಇದೇ ತಿಳಿವಳಿಕೆ.

2015ರ ಆಗಸ್ಟ್ 31ರಂದು ಅಮೆರಿಕನ್ ಏರ್‌ಲೈನ್ಸ್ ಲಾಸ್ ಏಂಜಲೀಸ್‌ನಿಂದ ಹೊನಲುಲುವಿಗೆ ಕಳಿಸಿದ ವಿಮಾನ, ಅಷ್ಟು ದೂರ ಕಡಲ ಮೇಲೆ ಹಾರಲು ಪ್ರಮಾಣಪತ್ರವಿಲ್ಲದ್ದು ಎಂಬುದು ಹಾರಿದ ಮೇಲಷ್ಟೇ ಕಂಪನಿಯ ಗಮನಕ್ಕೆ ಬಂತು. ಅಲ್ಲಿನ ಕೊರತೆ ರೇಡಿಯೊದ್ದಲ್ಲ, ವಿಮಾನವೂ ಸುರಕ್ಷಿತವಾಗಿ ಇಳಿಯಿತು. ವಿಷಯ ಪತ್ರಿಕೆಗಳಲ್ಲಿ ಬಂದದ್ದರಿಂದ ಜನಕ್ಕೆ ತಿಳಿಯಿತು. ಇಂಥ ಪ್ರಕರಣಗಳಲ್ಲಿ ದಂಡ ಹೋಗುವುದು ಸರ್ಕಾರಕ್ಕೆ. ಆ ವಿಮಾನದಲ್ಲಿ ಕೂತಿದ್ದವರಿಗೆ ನೇರವಾಗಿ ಒಂದು ಪತ್ರವಾದರೂ ಹೋಗಬೇಕು ಎಂಬುದು ನನ್ನ ವಾದ. ಮಂಗಳೂರಿನಿಂದ ದುಬೈಗೆ ಹೊರಟು ಅರಬ್ಬಿ ಸಮುದ್ರದ ಮೇಲೆ ನಿದ್ದೆ ಹೋದವನಿಗೂ, ತನ್ನ ವಿಮಾನಕ್ಕೆ ಆ ರಾತ್ರಿ ಓಗೊಡಲು ಬರುತ್ತಿತ್ತೇ ಇಲ್ಲವೇ ಎಂದು ತಿಳಿಯುವ ಹಕ್ಕಿದೆ. ಇದರಿಂದ ಜನ ಸುಮ್ಮನೆ ಹೆದರುತ್ತಾರೆ ಎಂದು ಕಂಪನಿಗಳು ಹೇಳಬಹುದು. ಹೆದರಲಿ, ಆ ಹೆದರಿಕೆಗೆ ಕಾರಣ ಇತ್ತು, ಮತ್ತು ಅದನ್ನು ಬಚ್ಚಿಡುವ ಅಧಿಕಾರವನ್ನು ಯಾರೂ ಟಿಕೆಟ್ಟಿನ ಜೊತೆ ಮಾರಿಕೊಂಡಿರಲಿಲ್ಲ.