ಪೆನ್ನಿಗೆ ಅರಸನ ಹೆಸರು

ಕೆಲವು ತಿಂಗಳ ಹಿಂದಿನ ಮಾತು. ಚಿಕ್ಕಬಾಣಾವರದ ಒಂದು ಬ್ಯಾಂಕಿನಲ್ಲಿ ನಾವು ಸಾಲಿನಲ್ಲಿ ನಿಂತಿದ್ದೆವು. ಮೇಜಿಗೆ ಕಟ್ಟಿದ್ದ ದಾರ ಮಾತ್ರ ಉಳಿದಿತ್ತು. ಅದರ ತುದಿಯ ಪೆನ್ನು ಯಾರದೋ ಜೇಬು ಸೇರಿತ್ತು. ಪೀಣ್ಯದ ಕಾರ್ಖಾನೆಯೊಂದರ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದ ಹೆಣ್ಣುಮಗಳೊಬ್ಬಳು ಚಲನ್ ಹಿಡಿದುಕೊಂಡು, "ಅಣ್ಣಾ, ಪೆನ್ ಇದ್ಯಾ?" ಎಂದು ಕೇಳಿದಳು. "ಇಲ್ಲಮ್ಮ" ಎಂದೆವು. ನಮ್ಮ ಜೇಬಿನಲ್ಲಿ ಪೆನ್ನಿತ್ತು. ಗೆಳೆಯರೊಬ್ಬರು ಉಡುಗೊರೆಯಾಗಿ ಕೊಟ್ಟದ್ದು, ಚಿನ್ನದ ನಿಬ್ಬಿನದು. ಅವಳು ಒತ್ತಿ ಬರೆದರೆ ನಿಬ್ಬು ಹಾಳಾದೀತು ಎಂಬ ಭಯ. ಒಂದು ವಸ್ತುವನ್ನು ಕಾಪಾಡಲು ಒಂದು ಸುಳ್ಳು ಹೇಳಿದ್ದೆವು.

ಆ ಪೆನ್ನು ದುಬಾರಿ ನಿಜ, ಆದರೆ ಜಗತ್ತಿನ ದುಬಾರಿ ಪೆನ್ನುಗಳ ಮುಂದೆ ಬಡಪಾಯಿ. ಮಾಂಟ್‌ಬ್ಲಾಂಕ್ ಕಂಪನಿ ಅರಸರ ಹೆಸರಿನಲ್ಲಿ ಸೀಮಿತ ಸಂಖ್ಯೆಯ ಪೆನ್ನುಗಳನ್ನು ತಯಾರಿಸುತ್ತ ಬಂದಿದೆ. 1994ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ, 1998ರಲ್ಲಿ ಅಲೆಕ್ಸಾಂಡರ್. ಇಂಥ ಆವೃತ್ತಿಗಳಲ್ಲಿ ಕಾಣುವ 4810 ಎಂಬ ಸಂಖ್ಯೆ ಮೋಂ ಬ್ಲಾ ಪರ್ವತದ ಎತ್ತರದ ಮೀಟರುಗಳ ಲೆಕ್ಕ. ಕಿರೀಟವನ್ನೇ ತೊಡದ ಗಾಂಧೀಜಿಯನ್ನೂ ಅದು ಬಿಡಲಿಲ್ಲ. 2009ರಲ್ಲಿ ದಂಡಿಯಾತ್ರೆಯ 241 ಮೈಲಿಗಳ ನೆನಪಿಗೆ 241 ಪೆನ್ನುಗಳು ಬಂದವು, ಒಂದೊಂದಕ್ಕೂ ಸುಮಾರು 11 ಲಕ್ಷ ರೂಪಾಯಿ. ಕೇರಳ ಹೈಕೋರ್ಟಿಗೆ ದೂರು ಹೋಯಿತು. 2010ರಲ್ಲಿ ಭಾರತದಲ್ಲಿ ಅದರ ಮಾರಾಟ ನಿಂತಿತು.

ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತ ನಮ್ಮ ನೆರೆಯವರೊಬ್ಬರು ಅಂಥ ಪೆನ್ನಿನ ಚಿತ್ರ ನೋಡಿ, "ಇದನ್ನು ಮಾಡಿದವನ ಕೈಗೆ ಸಲಾಂ" ಎಂದರು. ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೆತ್ತುವವರಿಗೆ ಇನ್ನೊಬ್ಬರ ಶ್ರಮ ಕಾಣುತ್ತದೆ. ಕುಶಲ ಕೈಗೆ ಒಳ್ಳೆಯ ಕೂಲಿ ಸಿಗುವುದಾದರೆ ಬೇಡ ಎನ್ನಲು ನಾವು ಯಾರು? ಸೌಂದರ್ಯ ಪಾಪವಲ್ಲ. ಆದ್ದರಿಂದ ಬೆಲೆಯೊಂದನ್ನೇ ನೋಡಿ ಬಯ್ಯುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ.

ನಮ್ಮ ನಾಡಿನದೇ ಒಂದು ಪ್ರಸಂಗ ನೋಡೋಣ. ಬಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಂ ಆದಿಲ್‌ಶಾಹ ದಖನಿಯಲ್ಲಿ 'ಕಿತಾಬ್-ಎ-ನೌರಸ್' ರಚಿಸಿದ. ಇರಾನಿನಿಂದ ಬಂದ ಲಿಪಿಕಾರ ಖಲೀಲುಲ್ಲಾ ಅದನ್ನು ಸುಂದರವಾಗಿ ಪ್ರತಿ ಮಾಡಿಕೊಟ್ಟ. ಮೆಚ್ಚಿದ ಸುಲ್ತಾನ ಅವನಿಗೆ 'ಪಾದಶಾಹ್-ಎ-ಖಲಂ', ಅಂದರೆ ಲೇಖನಿಯ ದೊರೆ ಎಂಬ ಬಿರುದು ಕೊಟ್ಟು ತನ್ನ ಸಿಂಹಾಸನದ ಮೇಲೆ ಕೂರಿಸಿದನೆಂದು ಹೇಳುತ್ತಾರೆ.

ಅದೂ ದುಬಾರಿಯೇ, ರೈತರ ಕಂದಾಯದಿಂದ ಬಂದದ್ದೇ ಎಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಅರಸ ತನ್ನ ಪದವಿಯನ್ನು ಬರೆಯುವವನಿಗೆ ಕೊಟ್ಟ. ಇಲ್ಲಿ ಅರಸನ ಹೆಸರನ್ನು ಕೊಳ್ಳುವವನಿಗೆ ಮಾರಲಾಗುತ್ತದೆ. ಬರೆಯುವವನೂ ಕೆತ್ತಿದವನೂ ಲೆಕ್ಕಕ್ಕಿಲ್ಲ. ಖಲೀಲುಲ್ಲಾನ ಕೈಯಲ್ಲಿದ್ದದ್ದು ಬಹುಶಃ ಬರಿಯ ಜೊಂಡಿನ ಕಡ್ಡಿ. ಅದರ ಬೆಲೆ ಕಾಗದದ ಮೇಲೆ ಉಳಿಯಿತು. 'ಸೀಮಿತ ಆವೃತ್ತಿ' ಎಂಬ ಮಾತಿನ ಬೆಲೆಯಾದರೋ ನಿಂತಿರುವುದೇ ಇತರರ ಬಳಿ ಅದು ಇಲ್ಲ ಎಂಬುದರ ಮೇಲೆ. ಮತ್ತೊಬ್ಬನ ಇಲ್ಲದಿರುವಿಕೆಯನ್ನು ನಮ್ಮ ಸಂತೋಷವಾಗಿ ಮಾಡಿಕೊಳ್ಳಬಹುದೇ? ನಿಜವಾದ ಪ್ರಶ್ನೆ ಇದು.

ಅರಸನ ನೆನಪು ಹೇಗಿರಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿ ತಯಾರಾಗುತ್ತಿದೆ. ಅರಸನ ಹೆಸರು ಆ ಶಾಯಿಯ ಮೇಲಿಲ್ಲ. ಆದರೆ ಅದು ಮಂತ್ರಿಯ ಬೆರಳಿಗೂ ಒಂದೇ, ಮಾಲಿಯ ಬೆರಳಿಗೂ ಒಂದೇ. ಅದರಲ್ಲಿ ಸೀಮಿತ ಆವೃತ್ತಿ ಎಂಬುದಿಲ್ಲ.

ಕುರ್‌ಆನಿನಲ್ಲಿ 'ಖಲಂ' ಎಂಬ ಹೆಸರಿನ ಅಧ್ಯಾಯವೊಂದಿದೆ. ಬಾಲ್ಯದಲ್ಲಿ ಉರ್ದು ಶಾಲೆಯ ಉಸ್ತಾದರು ಅದನ್ನು ನೆನಪಿಸುತ್ತ, ನೆಲಕ್ಕೆ ಬಿದ್ದ ಪೆನ್ನನ್ನು ಕಣ್ಣಿಗೊತ್ತಿಕೊಳ್ಳುವಂತೆ ಹೇಳುತ್ತಿದ್ದರು. ಅದನ್ನು ನಾವು ಮರೆತಿರಲಿಲ್ಲ. ಮರೆತದ್ದು 'ಮಾಊನ್' ಎಂಬ ಇನ್ನೊಂದು ಪುಟ್ಟ ಅಧ್ಯಾಯವನ್ನು. ನೆರೆಹೊರೆಯವರು ಕೇಳಿ ಪಡೆಯುವ ಉಪ್ಪು, ಕೊಡಲಿ, ಪಾತ್ರೆಯಂಥ ದಿನಬಳಕೆಯ ಚಿಕ್ಕ ವಸ್ತುಗಳು ಎಂದು ಆ ಪದಕ್ಕೆ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಅವುಗಳನ್ನು ಕೊಡದೆ ತಡೆಯುವವರನ್ನು ಅದು ನಮಾಝನ್ನು ತೋರಿಕೆಗೆ ಮಾಡುವವರ ಜೊತೆಗೇ ನಿಲ್ಲಿಸುತ್ತದೆ. ಬ್ಯಾಂಕಿನಲ್ಲಿ ಕೇಳಿದ ಪೆನ್ನು ಮಾಊನ್ ಅಲ್ಲದೆ ಇನ್ನೇನು? ಪೆನ್ನಿನ ಗೌರವವನ್ನು ಕಲಿತ ನಾವು, ಪೆನ್ನು ಬೇಕಾದವಳ ಗೌರವವನ್ನು ಕಲಿತಿರಲಿಲ್ಲ.

ಲಕ್ಷಾಂತರದ ಪೆನ್ನು ಕೊಂಡವನು ನಮಗಿಂತ ಕೆಟ್ಟವನೆಂದು ಹೇಳುವ ಧೈರ್ಯ ಈಗ ನಮಗಿಲ್ಲ. ಅವನ ಪೆಟ್ಟಿಗೆ ದೊಡ್ಡದು, ನಮ್ಮದು ಚಿಕ್ಕದು, ಬೀಗ ಒಂದೇ. ವಸ್ತು ನಮ್ಮ ಕೈಯಲ್ಲಿದೆಯೋ, ನಾವು ವಸ್ತುವಿನ ಕೈಯಲ್ಲಿದ್ದೇವೋ ಎಂಬುದು ಬೆಲೆಯ ಚೀಟಿ ನೋಡಿದರೆ ತಿಳಿಯುವುದಿಲ್ಲ, ಯಾರಾದರೂ ಬಂದು ಕೇಳಿದಾಗ ತಿಳಿಯುತ್ತದೆ.

ಅಂದು ಆ ಹೆಣ್ಣುಮಗಳು ಬೇರೆ ಯಾರಿಂದಲೋ ಬಾಲ್‌ಪೆನ್ ಪಡೆದು ಚಲನ್ ತುಂಬಿದಳು. ಬರೆದು ಮುಗಿಸಿ, ನಮ್ಮ ಬಳಿ ಇಲ್ಲವೆಂದು ನಂಬಿ, "ತಗೊಳ್ಳಿ ಅಣ್ಣಾ, ನೀವೂ ಬರ್ಕೊಳ್ಳಿ" ಎಂದು ಅದನ್ನು ನಮ್ಮತ್ತ ಚಾಚಿದಳು. ನಾವು ಆ ಪೆನ್ನಿನಲ್ಲೇ ಬರೆದೆವು.